ಚಿಕ್ಕ ಬೆಲ್ಟು

ಗುಂಡೇರಾಯರೇ, ನಿಮ್ಮನ್ನು ನನ್ನ ಕಾರಿನಿಂದ ಇಳಿಸಿದವನು ನಾನೇ. ತಪ್ಪನ್ನು ಆ ವರ್ಷದ ಬಿಸಿಲಿನ ಮೇಲೆ, ಮೆಕ್ಯಾನಿಕ್ಕಿನ ಮೇಲೆ ಹಾಕಿ ಇಷ್ಟು ಕಾಲ ಸುಮ್ಮನಿದ್ದೆ.

ಉಪ್ಪಲ್‌ನ ನನ್ನ ಮನೆಯಿಂದ ಹೊರಟು, ದಿಲ್‌ಸುಖ್‌ನಗರದ ನಿಮ್ಮ ಗಲ್ಲಿಯ ತುದಿಯಲ್ಲಿ ನಿಮ್ಮನ್ನು ಹತ್ತಿಸಿಕೊಂಡು, ನಾಂಪಲ್ಲಿಯ ನಮ್ಮ ಆಫೀಸು ಮುಟ್ಟುವುದು — ಎರಡು ವರ್ಷ ಹಾಗೇ ನಡೆದಿತ್ತು. ನಿಮ್ಮ ಮನೆಯವರು ತೀರಿಕೊಂಡ ಮೇಲೆ ನಿಮ್ಮ ಮಾತು ಹೆಚ್ಚಾಯಿತು. ಆಫೀಸಿನಲ್ಲಿ ತೆಲುಗು, ಅಂಗಡಿಯಲ್ಲಿ ಹಿಂದಿ. ನಿಮಗೆ ಕನ್ನಡವೆಂದರೆ ನನ್ನ ಕಾರಿನೊಳಗಿನ ಮುಕ್ಕಾಲು ಗಂಟೆ. ಅವರು ಹಚ್ಚುತ್ತಿದ್ದ ಅವಲಕ್ಕಿ, ಕಲಬುರ್ಗಿಯ ತವರು, ಆಸ್ಪತ್ರೆಯ ಕೊನೆಯ ದಿನ... ದಿನವೂ ಅದೇ ಕತೆ. ನಾನು ಮೊದಲಿನಿಂದಲೂ ಸಿಡುಕ, ಮದುವೆಯಿಲ್ಲದೆ ಒಬ್ಬನೇ ಇದ್ದು ರೂಢಿಯಾದವನು. ನಿಮಗೆ ಬೇರೆ ಯಾರೂ ಇಲ್ಲವೆಂದು ಗೊತ್ತಿತ್ತು. ಗೊತ್ತಿದ್ದೂ — ತಲೆ ಚಿಟ್ಟು ಹಿಡಿಯುತ್ತಿತ್ತು.

ಮೇ ತಿಂಗಳಲ್ಲಿ ಏಸಿಯ ಕಂಪ್ರೆಸರ್ ಕಿರುಗುಟ್ಟತೊಡಗಿತು. ಅದು ಬಿಗಿದು ನಿಂತರೆ ಬೆಲ್ಟು ಹರಿದು ಗಾಡಿಯೇ ನಿಲ್ಲುತ್ತದೆ ಎಂದ ಮೆಕ್ಯಾನಿಕ್, ಕಂಪ್ರೆಸರನ್ನು ಹೊರಗಿಟ್ಟು ಎಂಜಿನ್ನಿನ ಉಳಿದ ಚಕ್ರಗಳನ್ನಷ್ಟೇ ತಿರುಗಿಸುವ ಚಿಕ್ಕ ಬೆಲ್ಟು ಹಾಕಿಕೊಟ್ಟ.

"ಏಸಿ ನಕ್ಕೋ ಚಲಾವೋ ಸಾಬ್. ಆಠ್ ದಿನ್ ಮೇ ನಯಾ ಪುರ್ಜಾ ಆಜಾತಾ."

ಹೊಸ ಬಿಡಿಭಾಗ ಬರುವವರೆಗೆ ಏಸಿ ಹಾಕುವಂತಿಲ್ಲ. ಎಂಟು ದಿನದ ಮಾತು, ಅಷ್ಟೇ.

ನಿಮಗೆ ದಮ್ಮಿನ ಕಾಟ. ಕಿಟಕಿ ಇಳಿಸಿದರೆ ಆಟೋಗಳ ಹೊಗೆಗೆ ಕೆಮ್ಮು, ಏರಿಸಿದರೆ ಒಳಗೆ ಬೇಗೆ. ಆದರೂ ಹೆಗಲ ಮೇಲೆ ಒದ್ದೆ ಟವೆಲ್ಲು ಹಾಕಿಕೊಂಡು ಬಂದು ಕೂತಿರಿ. ಮಾತು ಮಾತ್ರ ಕಡಿಮೆಯಾಯಿತು. ನನಗೆ ಹಿತವಾಯಿತು — ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಹಿತವಾಯಿತು. ಎಂಟನೇ ದಿನ ಮೆಕ್ಯಾನಿಕ್ ಫೋನು ಮಾಡಿ ಪುರ್ಜಾ ಬಂದಿದೆ ಎಂದ. ಇರಲಿ, ಆಮೇಲೆ ಬರುತ್ತೇನೆ ಅಂದೆ. ನಿಮಗೆ, "ಇನ್ನಾ ಬಂದಿಲ್ರಿ" ಅಂದೆ.

ಆ ವಾರದ ಕೊನೆಗೆ ನೀವೇ ಹೇಳಿದಿರಿ: "ನಾ ಬಸ್ಸಿನಾಗ ಹೋಗ್ತೀನ್ರಿ. ನನ್ನ ಕೆಮ್ಮಿನ ಸಲುವಾಗಿ ಕಿಟಕಿ ಏರಿಸಿ ನೀವ್ಯಾಕ ಬೇಯಬೇಕು?"

ನಾನು ಬೇಡವೆನ್ನಲಿಲ್ಲ. ಆ ಭಾನುವಾರವೇ ಹೊಸ ಕಂಪ್ರೆಸರ್ ಕೂಡಿಸಿದೆ.

ಸೋಮವಾರ ಮಲಕ್‌ಪೇಟೆಯ ಸಿಗ್ನಲ್ಲಿನಲ್ಲಿ ಸಿಟಿ ಬಸ್ಸೊಂದು ಪಕ್ಕಕ್ಕೆ ಬಂದು ನಿಂತಿತು. ಬಾಗಿಲ ಹತ್ತಿರ ಕಂಬಿ ಹಿಡಿದು ನೀವು, ಮೂಗಿಗೆ ಅದೇ ಟವೆಲ್ಲು. ಕೆಳಗೆ ನಾನು — ನಾಲ್ಕೂ ಕಿಟಕಿ ಏರಿಸಿಕೊಂಡು, ಅಂಗಿಯ ಮೇಲೆ ಒಂದು ಹನಿ ಬೆವರಿಲ್ಲದೆ. ನೀವು ನೋಡಿದಿರಿ. ನೋಡಿ, ಕೈ ಎತ್ತಿದಿರಿ. ನಾನು ಮುಖ ತಿರುಗಿಸಿದೆ.

ಮಧ್ಯಾಹ್ನ ಚಹಾದ ಹೊತ್ತಿಗೆ ನನ್ನ ಮೇಜಿನ ಹತ್ತಿರ ಬಂದು ಕೇಳಿದಿರಿ: "ಪುರ್ಜಾ ಬಂತೇನ್ರಿ?"

ಆಗಲಾದರೂ...

"ಇಲ್ರಿ. ಇನ್ನಾ ಇಲ್ಲ."

"ಬರ್ತದ ಬಿಡ್ರಿ," ಅಂದಿರಿ. ದನಿಯಲ್ಲಿ ಕೊಂಕಿರಲಿಲ್ಲ. ಮತ್ತೆಂದೂ ಕೇಳಲಿಲ್ಲ. ರಿಟೈರ್ ಆಗುವವರೆಗೂ ಬಸ್ಸಿನಲ್ಲೇ ಓಡಾಡಿದಿರಿ, ಯಾರ ಮುಂದೆಯೂ ಆ ಮಾತು ಎತ್ತಲಿಲ್ಲ.

ನೀವು ತೀರಿಹೋದದ್ದು ನನಗೆ ತಿಳಿದಿದ್ದೇ ಕಳೆದ ತಿಂಗಳು. ನಾನೀಗ ಮಣಿಕೊಂಡದ ಫ್ಲಾಟಿನಲ್ಲಿದ್ದೇನೆ. ಹಾಲಿನವನೊಡನೆ ತೆಲುಗು, ವಾಚ್‌ಮನ್ನನೊಡನೆ ಹಿಂದಿ. ಕನ್ನಡ ಕಿವಿಗೆ ಬೀಳದೆ ವಾರಗಳು ಹೋಗುತ್ತವೆ. ಒಮ್ಮೊಮ್ಮೆ ನಿಮ್ಮ ಮನೆಯವರ ಕತೆಯನ್ನು ನನಗೆ ನಾನೇ ಗಟ್ಟಿಯಾಗಿ ಹೇಳಿಕೊಳ್ಳುತ್ತೇನೆ. ಅವಲಕ್ಕಿಗೆ ಕೊನೆಯಲ್ಲಿ ಏನನ್ನೋ ಕೈಯಿಂದಲೇ ಪುಡಿಮಾಡಿ ಹಾಕುತ್ತಿದ್ದರು ಅನ್ನುತ್ತಿದ್ದಿರಲ್ಲ — ಏನದು? ನೂರು ಸಲ ಹೇಳಿದ್ದೀರಿ. ನಾನು ಕಿವಿಗೊಟ್ಟಿರಲಿಲ್ಲ. ಈಗ ಯಾರನ್ನು ಕೇಳಲಿ?

ನೀವು ಅಂದು ಕೇಳಿದ್ದಕ್ಕೆ ಉತ್ತರ ಮಾತ್ರ ನನ್ನ ಹತ್ತಿರ ಇದೆ. ಬಂದಿತ್ತು, ರಾಯರೇ. ಎಂಟನೇ ದಿನಕ್ಕೇ ಬಂದಿತ್ತು.