ಉಸಿರು ಹಿಡಿದವರ ಅಳತೆ

ಡಾಕ್ಟರ ಮುಂದೆ ಕೂತಾಗಲೆಲ್ಲ ಟೇಪಕ್ಕ ಮೂರು ಸುಳ್ಳು ಹೇಳುತ್ತಾಳೆ. ಮೂರೂ ಹಳೆಯವು, ಆರು ವರ್ಷ ಬಳಸಿ ನುಣುಪಾದವು.

"ದಿನಾ ನಡೀತೀರಾ?"

"ನಡೀತೀನಿ ಸಾರ್. ಬೆಳಿಗ್ಗೆ ಅರ್ಧ ಗಂಟೆ."

"ಸಿಹಿ?"

"ಮುಟ್ಟಲ್ಲ."

"ಮಾತ್ರೆ?"

"ಒಂದು ಹೊತ್ತೂ ತಪ್ಪಿಸಿಲ್ಲ."

ಜೊತೆಗೆ ಬಂದ ತಂಗಿ, ಈ ಮೂರು ಉತ್ತರ ಮುಗಿಯುವ ತನಕ ಗೋಡೆಗೆ ತೂಗುಹಾಕಿದ ಮೂತ್ರಪಿಂಡದ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡುತ್ತಾಳೆ. ಅಕ್ಕ ದಿನಾ ನಡೆಯುವುದೆಂದರೆ ಮನೆಯಿಂದ ಕೆಳಗಿನ ಹೊಲಿಗೆ ಅಂಗಡಿಗೆ, ಅಂದರೆ ಹದಿನಾಲ್ಕು ಮೆಟ್ಟಿಲು. ಸಿಹಿ ಮುಟ್ಟುವುದಿಲ್ಲ ಎಂಬುದು ಒಂದು ರೀತಿಯಲ್ಲಿ ನಿಜ, ಚಮಚದಲ್ಲಿ ತಿನ್ನುತ್ತಾಳೆ. ಮಾತ್ರೆಯಲ್ಲಿ ಬೆಳಗಿನದು ಹೊಟ್ಟೆ ಸೇರುತ್ತದೆ, ಮಧ್ಯಾಹ್ನದ್ದು ಅಂಗಡಿಯ ಗುಂಡಿ ಡಬ್ಬಿ ಸೇರುತ್ತದೆ. ಒಮ್ಮೆ ತಂಗಿ ಅವಸರದಲ್ಲಿ ಒಂದು ಮಾತ್ರೆ ಎತ್ತಿಕೊಂಡು, ಬಿಳಿ ಅಂಗಿಯ ಕಾಲರಿನ ಕೆಳಗಿಟ್ಟು, ಇದಕ್ಕೆ ತೂತೆಲ್ಲಿ ಎಂದು ಬಹಳ ಹೊತ್ತು ಹುಡುಕಿದ್ದಳು.

ಇಷ್ಟು ಕೇಳಿ ಟೇಪಕ್ಕನನ್ನು ಯಾರೂ ಪೆದ್ದಿ ಎಂದುಕೊಳ್ಳಬಾರದು. ಕೋಟು, ಪ್ಯಾಂಟು, ಶಾಲೆಯ ಯೂನಿಫಾರಮ್ಮು ಹೊಲಿಯುವುದರಲ್ಲಿ ಆ ಬೀದಿಗೆ ಅವಳೇ ಕೊನೆಯ ಮಾತು. ಕುತ್ತಿಗೆಯಲ್ಲಿ ಸದಾ ಅಳತೆಯ ಟೇಪು ಇರುವುದರಿಂದ ಬೀದಿ ಇಟ್ಟ ಹೆಸರು ಅದು. ಟೇಪು ತೆಗೆಯುವುದನ್ನು ಮರೆತು ಸ್ನಾನ ಮಾಡಿ ಬಂದದ್ದೂ ಉಂಟು. ಮಾತ್ರೆ ಯಾಕೆ ಮುಖ್ಯ, ಸಕ್ಕರೆ ಕಾಯಿಲೆ ಕಾಲಿಗೆ ಏನು ಮಾಡುತ್ತದೆ ಎಂಬುದೆಲ್ಲ ಅವಳಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಸುಳ್ಳು ಹೇಳುತ್ತಾಳೆ, ಯಾಕೆಂದರೆ ಒಂದು ಸಲ ನಿಜ ಹೇಳಿ ನೋಡಿದ್ದಾಳೆ.

ಆರು ವರ್ಷದ ಹಿಂದಿನ ಮಾತು. ಈ ಡಾಕ್ಟರು ಸಮಯ ಉಳಿಸುವ ಮನುಷ್ಯ. ಒಬ್ಬರನ್ನು ನೋಡುತ್ತಿರುವಾಗಲೇ ಮುಂದಿನ ಮೂವರನ್ನು ಒಳಗೆ ಕರೆದು ಬೆಂಚಿನ ಮೇಲೆ ಕೂರಿಸಿರುತ್ತಾರೆ. ಆ ಬೆಂಚಿನ ಮುಂದೆ ಟೇಪಕ್ಕ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು: "ಮಧ್ಯಾಹ್ನದ ಮಾತ್ರೆ ನುಂಗಿದ್ರೆ ಹೊಟ್ಟೆ ತೊಳಸುತ್ತೆ ಸಾರ್. ಅದಕ್ಕೆ ವಾರದಲ್ಲಿ ಎರಡು ದಿನ ಬಿಟ್ಟೆ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಬಿಟ್ರಾ? ನೀವೇ ಡಾಕ್ಟ್ರಾಗಿಬಿಟ್ರಲ್ಲ, ಮತ್ತೆ ನಾನ್ಯಾಕೆ ಇಲ್ಲಿ ಕೂತಿರೋದು? ಸಕ್ಕರೆ ಎಷ್ಟಿದೆ ಗೊತ್ತಾ? ಮುನ್ನೂರ ಹದಿನೆಂಟು. ಮುನ್ನೂರ ಹದಿನೆಂಟು. ಕಾಲು ಕತ್ತರಿಸೋ ದಿನ ಬನ್ನಿ, ಆವತ್ತು ಹೊಟ್ಟೆ ವಿಷಯ ಮಾತಾಡೋಣ."

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಬೆಂಚಿನ ಮೇಲಿದ್ದ ಮೂವರಲ್ಲಿ ಇಬ್ಬರು ಅವಳ ಗಿರಾಕಿಗಳು. ಅವಳು ಔಷಧಿ ಕೊಂಡು ಬರುವಷ್ಟರಲ್ಲಿ ಆ ಸಂಖ್ಯೆ ಅವಳಿಗಿಂತ ಮೊದಲೇ ಬೀದಿ ಸೇರಿತ್ತು. ಬೇಕರಿಯವನು ಬನ್ನು ಕಟ್ಟುವ ಮೊದಲು ಒಂದು ಕ್ಷಣ ತಡೆದು, "ಅಕ್ಕ, ಮುನ್ನೂರು ದಾಟಿದೆಯಂತೆ" ಎಂದ. ಪಾಪ, ಕಾಳಜಿಯಿಂದಲೇ ಹೇಳಿದ. ಆದರೆ ಟೇಪಕ್ಕನಿಗೆ ನಡುಬೀದಿಯಲ್ಲಿ ಬಟ್ಟೆ ಜಾರಿದಷ್ಟು ಅವಮಾನವಾಯಿತು. ಮನೆಗೆ ಬಂದವಳೇ ತಂಗಿಗೆ ಹೇಳಿದಳು: "ಆ ಮನುಷ್ಯನಿಗೆ ಇನ್ನು ರಕ್ತ ಕೊಡ್ತೀನಿ, ಮಾತು ಕೊಡಲ್ಲ."

ರಕ್ತ ಸುಳ್ಳು ಹೇಳುವುದಿಲ್ಲವಲ್ಲ ಎಂದರೆ, ಅದಕ್ಕೂ ದಾರಿ ಇತ್ತು. ಪರೀಕ್ಷೆಗೆ ನಾಲ್ಕು ದಿನ ಮುಂಚೆ ಪಥ್ಯ ಹಿಡಿಯುವುದು, ಹೊಟ್ಟೆ ಎಷ್ಟೇ ತೊಳಸಲಿ ಎಲ್ಲ ಮಾತ್ರೆ ನುಂಗುವುದು. ಸಂಖ್ಯೆ ಒಂದಿಷ್ಟು ಇಳಿಯುತ್ತಿತ್ತು. ಡಾಕ್ಟರು ಅದನ್ನು ನೋಡಿ, "ನೋಡಿದ್ರಾ, ಬೈದ ಮೇಲೆ ಹೇಗೆ ದಾರಿಗೆ ಬಂತು" ಎಂದು ತಮ್ಮ ಬೆನ್ನು ತಾವೇ ತಟ್ಟಿಕೊಳ್ಳುತ್ತಿದ್ದರು.

ಟೇಪಕ್ಕನಿಗೆ ಸುಳ್ಳು ಹೊಸದೇನಲ್ಲ. ಮೂವತ್ತು ವರ್ಷದಿಂದ ದಿನಬೆಳಗಾದರೆ ಜನ ಅವಳಿಗೆ ಸುಳ್ಳು ಹೇಳುತ್ತಲೇ ಬಂದಿದ್ದಾರೆ, ಅದೂ ಬಾಯಿ ತೆರೆಯದೆ. ಸೊಂಟಕ್ಕೆ ಟೇಪು ಸುತ್ತಿದ ಕೂಡಲೇ ಹೊಟ್ಟೆ ಒಳಗೆ ಹೋಗುತ್ತದೆ. ಪೋಲೀಸಿನವನದೂ ಹೋಗುತ್ತದೆ, ಮೇಷ್ಟ್ರದೂ ಹೋಗುತ್ತದೆ. ಉಸಿರು ಹಿಡಿದ ಅಳತೆಗೆ ಹೊಲಿದರೆ ಪ್ಯಾಂಟು ಮೊದಲ ಊಟಕ್ಕೇ ಬಿರಿಯುತ್ತದೆ. ಉಸಿರು ಬಿಡಿ ಎಂದರೆ, ಹಿಡಿದೇ ಇಲ್ಲ ಎನ್ನುತ್ತಾರೆ. ಇದಕ್ಕೆ ಅವಳಪ್ಪ ಒಂದು ಉಪಾಯ ಹೇಳಿಕೊಟ್ಟಿದ್ದ. ಗಿರಾಕಿಗೆ ಇಷ್ಟವಾದದ್ದರ ಬಗ್ಗೆ ಏನಾದರೂ ಕೇಳು, ಮಾತಾಡಿಸು, ಮಾತಾಡುತ್ತಾ ಯಾರಿಗೂ ಉಸಿರು ಹಿಡಿಯಲಾಗುವುದಿಲ್ಲ. ಹೊಟ್ಟೆ ತನ್ನ ಜಾಗಕ್ಕೆ ಬಂದಾಗ ಟೇಪು ನೋಡು.

ಇನ್ನೊಂದು ಪದ್ಧತಿ ಅವಳೇ ಮಾಡಿಕೊಂಡದ್ದು. ಬೇರೆ ಅಂಗಡಿಗಳಲ್ಲಿ ಒಬ್ಬ ಅಳೆದು ಕೂಗುತ್ತಾನೆ, ಇನ್ನೊಬ್ಬ ಬರೆದುಕೊಳ್ಳುತ್ತಾನೆ. ಸೊಂಟ ನಲವತ್ತನಾಲ್ಕು ಎಂಬುದು ಬೀದಿಯ ತುದಿಗೆ ಕೇಳುತ್ತದೆ. ಇಲ್ಲಿ ಪರದೆ ಎಳೆದ ಮೂಲೆಯಲ್ಲಿ ಟೇಪಕ್ಕ ಅಳೆದು, ಒಂದು ಕೈಯನ್ನು ಬೆನ್ನ ಹಿಂದೆ ತಂದು ಬೆರಳು ಮಡಚಿ ಒಂದೊಂದೇ ಅಂಕಿ ತೋರಿಸುತ್ತಾಳೆ, ಹಿಂದೆ ಸ್ಟೂಲಿನ ಮೇಲೆ ಕೂತ ತಂಗಿ ತುಟಿ ಪಿಟಕ್ಕೆನ್ನದೆ ಬರೆದುಕೊಳ್ಳುತ್ತಾಳೆ. ಗಿರಾಕಿಗೆ ತನ್ನ ಸಂಖ್ಯೆ ಕೇಳಿಸುವುದಿಲ್ಲ. ಪ್ಯಾಂಟು ಮಾತ್ರ ಸರಿಯಾಗಿ ಕೂರುತ್ತದೆ.

ಹೀಗಿರುವಾಗ ಒಂದು ಮಧ್ಯಾಹ್ನ ಅಂಗಡಿಯ ನೆಲದ ಮೇಲೆ ರಕ್ತದ ಚುಕ್ಕೆಗಳು ಕಂಡವು. ಕತ್ತರಿಸುವ ಮೇಜಿನಿಂದ ಮಷಿನ್ನಿಗೆ, ಮಷಿನ್ನಿನಿಂದ ಪರದೆಗೆ, ಚುಕ್ಕೆ ಚುಕ್ಕೆ. ತಂಗಿ ಅದನ್ನೇ ಹಿಂಬಾಲಿಸಿಕೊಂಡು ಹೋದರೆ ಕೊನೆಗೆ ಸಿಕ್ಕಿದ್ದು ಅಕ್ಕನ ಬಲಗಾಲು. ಒಂದು ಗುಂಡುಸೂಜಿ ತೆಳು ಚಪ್ಪಲಿಯನ್ನು ತೂರಿ ಅಂಗಾಲಿಗೆ ಹೊಕ್ಕಿತ್ತು. ಬೆಳಗಿನಿಂದ ಟೇಪಕ್ಕ ಅದರ ಮೇಲೇ ಓಡಾಡಿದ್ದಳು, ಪೆಡಲ್ ತುಳಿದಿದ್ದಳು.

"ನೋಯ್ಲಿಲ್ವಾ ಅಕ್ಕ?"

"ನೋಯ್ತು. ಕೆಲಸ ಇತ್ತು, ಸುಮ್ನಿದ್ದೆ."

"ನನಗೂ ಸುಳ್ಳು ಹೇಳೋಕೆ ಶುರು ಮಾಡಿದ್ಯಾ?"

ಟೇಪಕ್ಕ ಸೂಜಿ ಕಿತ್ತು ಮೇಜಿನ ಮೇಲಿಟ್ಟಳು. ಎರಡು ವರ್ಷದಿಂದ ಆ ಕಾಲು ಅವಳಿಗೆ ಗೊತ್ತಾಗುತ್ತಿರಲಿಲ್ಲ. ಪೆಡಲ್ ಮೇಲೆ ಪಾದ ಇದೆಯೋ ಇಲ್ಲವೋ ಬಗ್ಗಿ ನೋಡಿಕೊಳ್ಳುತ್ತಿದ್ದಳು. ಆ ಮುರುಕು ಪೆಡಲ್ ಅಪ್ಪನ ಕಾಲದ್ದು, ಅವಳ ಬದುಕೆಲ್ಲ ಅದರ ಮೇಲೆ ನಡೆದಿತ್ತು. ಡಾಕ್ಟರಿಗೆ ಹೇಳಿದರೆ ಮಷಿನ್ ಬಿಡಿ ಎನ್ನುತ್ತಾರೆ. ಹೇಳದಿದ್ದರೆ ಕಾಲು ಹೋಗಬಹುದು. ಇವೆರಡರ ನಡುವೆ ಅವಳು ಸುಮ್ಮನಿರುವುದನ್ನೇ ಆರಿಸಿಕೊಂಡಳು. ಗಾಯಕ್ಕೆ ಪಟ್ಟಿ ಕಟ್ಟಿ, ದಪ್ಪ ಅಟ್ಟೆಯ ಚಪ್ಪಲಿ ಹಾಕಿಕೊಂಡು, ಮತ್ತೆ ಪೆಡಲ್ ತುಳಿಯತೊಡಗಿದಳು. ತಂಗಿ ಎರಡು ದಿನ ಮಾತು ಬಿಟ್ಟಳು.

ಮೂರನೆಯ ದಿನ ಅಂಗಡಿಗೆ ಡಾಕ್ಟರೇ ಬಂದರು.

"ಒಂದು ಕೋಟು, ಪ್ಯಾಂಟು ಬೇಕಿತ್ತಮ್ಮ. ದೊಡ್ಡ ಅಂಗಡೀಲಿ ಎರಡು ಸಲ ಹೊಲಿಸಿದೆ, ಎರಡೂ ಬಿಗಿ. ಅವನಿಗೆ ಅಳತೆ ತೆಗೆಯೋಕೇ ಬರಲ್ಲ. ಭಾನುವಾರ ಡಾಕ್ಟರ್‌ಗಳ ಸಭೇಲಿ ನನ್ನ ಭಾಷಣ ಇದೆ."

ಟೇಪಕ್ಕ ಪರದೆ ಎಳೆದಳು. ತಂಗಿ ಸ್ಟೂಲಿನ ಮೇಲೆ ಪುಸ್ತಕ ಹಿಡಿದು ಕೂತಳು. ಸೊಂಟಕ್ಕೆ ಟೇಪು ಸುತ್ತುತ್ತಿದ್ದಂತೆ ಡಾಕ್ಟರ ಹೊಟ್ಟೆ ಕಳ್ಳಬೆಕ್ಕಿನ ಹಾಗೆ ಮೆಲ್ಲಗೆ ಒಳಗೆ ಹೋಯಿತು. ಟೇಪು ಮೂವತ್ತೆಂಟು ಎಂದಿತು.

"ಭಾಷಣ ಯಾವುದರ ಬಗ್ಗೆ ಸಾರ್?"

"ರೋಗಿಗಳು ಯಾಕೆ ಡಾಕ್ಟರ್ ಮಾತು ಕೇಳಲ್ಲ ಅಂತ." ಡಾಕ್ಟರಿಗೆ ಇದು ಬಹಳ ಇಷ್ಟದ ವಿಷಯವೆಂದು ಕಂಡಿತು. "ಏನು ಹೇಳ್ಲಮ್ಮ, ಬರೀ ಸುಳ್ಳು. ಮಾತ್ರೆ ತಗೊಂಡೆ ಅಂತಾರೆ, ತಗೊಂಡಿರಲ್ಲ. ಕುಡಿಯೋದು ಬಿಟ್ಟೆ ಅಂತಾರೆ, ಬಾಯಲ್ಲಿ ವಾಸನೆ ಇರುತ್ತೆ. ನಮ್ಮ ಮುಂದೇನೇ ಕೂತು, ನಮಗೇ..."

ಮಾತಿನ ಭರದಲ್ಲಿ ಹೊಟ್ಟೆ ಸಾವಕಾಶವಾಗಿ ತನ್ನ ಜಾಗಕ್ಕೆ ಬಂದು ಕೂತಿತ್ತು. ಟೇಪಕ್ಕ ಬೆನ್ನ ಹಿಂದೆ ಬೆರಳು ತೋರಿಸಿದಳು. ತಂಗಿ ನಲವತ್ತೆರಡು ಎಂದು ಬರೆದುಕೊಂಡಳು. ಅಷ್ಟಕ್ಕೇ ಬಿಟ್ಟಿದ್ದರೆ ಅದು ಅಂಗಡಿಯ ಪದ್ಧತಿ. ಆದರೆ 'ಬರೀ ಸುಳ್ಳು' ಎಂಬ ಮಾತು ಟೇಪಕ್ಕನ ಗಂಟಲಿಗೆ ಸಿಕ್ಕಿಕೊಂಡಿತ್ತು.

"ನಿಮ್ಮ ಸೊಂಟ ಎಷ್ಟು ಸಾರ್?"

"ಮೂವತ್ತೆಂಟು."

"ಅದು ಉಸಿರು ಹಿಡಿದಾಗ. ಬಿಟ್ಟಾಗ ನಲವತ್ತೆರಡು. ಆ ಟೈಲರಿಗೆ ಅಳತೆ ತೆಗೆಯೋಕೆ ಬರುತ್ತೆ. ನೀವು ಕೊಡಲಿಲ್ಲ."

ಡಾಕ್ಟರು ತಟ್ಟನೆ ಪರದೆಯ ಕಡೆ ನೋಡಿದರು, ಆಚೆ ಯಾರಾದರೂ ಇದ್ದಾರೋ ಎಂದು.

"ಯಾರೂ ಇಲ್ಲ ಸಾರ್, ಹೆದರಬೇಡಿ. ಇಲ್ಲಿ ಪರದೆ ಇದೆ, ಬೆಂಚಿಲ್ಲ. ನನಗೂ ದಿನಾ ಎಲ್ಲರೂ ಸುಳ್ಳೇ ಹೇಳೋದು. ನಾನು ಬೈದು, ಅಂಕಿ ಕೂಗಿದ್ರೆ ಒಬ್ಬರೂ ನನ್ನ ಹತ್ರ ಉಸಿರು ಬಿಡ್ತಿರಲಿಲ್ಲ. ನೀವು ನನ್ನ ಅಂಕಿ ಕೂಗಿದ್ರಿ."

"ನಾನಾ? ಯಾವಾಗ? ಎಷ್ಟಿತ್ತು?"

"ಮುನ್ನೂರ ಹದಿನೆಂಟು. ಆರು ವರ್ಷ ಆಯ್ತು, ನಿಮಗೆ ನೆನಪಿಲ್ಲ. ಬೇಕರಿಯವನಿಗೆ ಇನ್ನೂ ನೆನಪಿದೆ."

ಡಾಕ್ಟರು ಅಂಗಿಯನ್ನು ಹೊಟ್ಟೆಯ ಮೇಲೆ ಎಳೆದುಕೊಂಡರು. "ಹಾಗಾದ್ರೆ ಆರು ವರ್ಷದಿಂದ ನೀವು ನನಗೆ ಹೇಳ್ತಿರೋದು..."

"ಸುಳ್ಳು," ಎಂದಳು ಟೇಪಕ್ಕ, ಚೆನ್ನಾಗಿ ಕೂತ ಕೋಟನ್ನು ತೋರಿಸುವ ಜಂಬದಲ್ಲಿ. "ಎಲ್ಲಾ ಸುಳ್ಳು. ಬರ್ಕೊಳ್ಳಿ ಭಾಷಣಕ್ಕೆ."

"ಕಾಲಿಂದು ಹೇಳು ಅಕ್ಕ," ಎಂದಳು ಹಿಂದಿನಿಂದ ತಂಗಿ.

"ನೀನು ಹೋಗಿ ಗುಂಡಿ ಹೊಲಿ."

"ಗುಂಡಿ ಹೊಲೀಲಾ, ಮಾತ್ರೆ ಹೊಲೀಲಾ?" ತಂಗಿ ಎದ್ದು ನಿಂತಳು. ಎರಡು ದಿನ ತಡೆಹಿಡಿದದ್ದೆಲ್ಲ ಒಮ್ಮೆಲೇ ಬಂತು. "ಸಾರ್, ಅವಳ ಕಾಲಿಗೆ ಸೂಜಿ ಹೊಕ್ಕಿದ್ದೇ ಗೊತ್ತಾಗಲಿಲ್ಲ. ರಕ್ತ ಸುರೀತಿತ್ತು. ಮಷಿನ್ ಬಿಡಿಸ್ತೀರ ಅಂತ ಬಾಯಿ ಬಿಡ್ತಿಲ್ಲ ಇವಳು."

ಡಾಕ್ಟರು ಅರ್ಧ ಅಳತೆಯಲ್ಲೇ ತಂಗಿಯ ಸ್ಟೂಲಿನ ಮೇಲೆ ಕೂತು, "ತೋರಿಸಿ" ಎಂದರು. ಟೇಪಕ್ಕ ಕುರ್ಚಿಯ ಮೇಲೆ ಕೂತು, ಬೇಕಾದರೆ ನೋಡಿಕೊಳ್ಳಿ ಎಂಬಂತೆ ಕಾಲು ಚಾಚಿದಳು. ಅವರು ಪಟ್ಟಿ ಬಿಚ್ಚಿ ಗಾಯ ನೋಡಿದರು. ಮೇಜಿನಿಂದ ಒಂದು ಗುಂಡುಸೂಜಿ ತೆಗೆದುಕೊಂಡು, ಕಣ್ಣು ಮುಚ್ಚಿಸಿ, ಅದರ ಗುಂಡುತಲೆಯಿಂದ ಕಾಲ್ಬೆರಳ ತುದಿ ಮುಟ್ಟಿದರು.

"ಗೊತ್ತಾಯ್ತಾ?"

"ಗೊತ್ತಾಯ್ತು."

"ಈಗ?"

"ಈಗಲೂ. ಚೆನ್ನಾಗೇ ಗೊತ್ತಾಗುತ್ತೆ ನನಗೆ."

ಆಮೇಲೆ ಡಾಕ್ಟರು ಬೇರೆಯೇ ದನಿಯಲ್ಲಿ ಕೇಳಿದರು, "ಈ ಕೆಲಸ ಯಾರು ಕಲಿಸಿದ್ದು ನಿಮಗೆ?"

"ನಮ್ಮಪ್ಪ," ಎಂದಳು ಟೇಪಕ್ಕ. ಅಪ್ಪನ ಮಾತು ಬಂದರೆ ಅವಳಿಗೆ ಹೊತ್ತು ಹೋದದ್ದು ತಿಳಿಯುವುದಿಲ್ಲ. "ಇದೇ ಮಷಿನ್ನಲ್ಲಿ. ಮೊದಲ ವರ್ಷ ಪೂರ್ತಿ ಹೊಲಿಯೋಕೇ ಬಿಡಲಿಲ್ಲ. ಬರೀ ಅಳತೆ. ಬಟ್ಟೆ ಕತ್ತರಿಸೋದು ಕತ್ತೆಗೂ ಬರುತ್ತೆ, ಮನುಷ್ಯನ್ನ ಅಳೆಯೋದು ಕಲಿ ಅಂತಿದ್ದ. ಒಂದು ಉಪಾಯ ಹೇಳಿಕೊಟ್ಟಿದ್ದ ಸಾರ್. ಗಿರಾಕಿಗೆ ಇಷ್ಟವಾದದ್ದು ಏನಾದ್ರೂ ಕೇಳು, ಮಾತಾಡಿಸು, ಮಾತಾಡ್ತಾ ಇರೋವಾಗ ಯಾರಿಗೂ..."

ಅಲ್ಲಿಗೆ ಅವಳು ನಿಂತಳು. ಕಣ್ಣು ತೆರೆದಳು. ಡಾಕ್ಟರು ಸೂಜಿಯನ್ನು ಆಗಲೇ ಮೇಜಿನ ಮೇಲಿಟ್ಟಿದ್ದರು.

"ಎಷ್ಟು ಸಲ ಮುಟ್ಟಿದ್ರಿ?"

ಡಾಕ್ಟರು ಅಂಕಿ ಕೂಗಲಿಲ್ಲ. ಎರಡೂ ಕೈ ಎತ್ತಿ ಬೆರಳು ತೋರಿಸಿದರು. ಆರು.

ಟೇಪಕ್ಕನಿಗೆ ಸಿಟ್ಟು ಬರಬೇಕಿತ್ತು. ಬದಲಿಗೆ ಕಣ್ಣು ತುಂಬಿತು. ಆ ಕಣ್ಣೀರಿನ ಮೇಲೇ ಸಿಟ್ಟು ಬಂತು.

"ಎರಡು ವರ್ಷದಿಂದ ಗೊತ್ತಾಗಲ್ಲ," ಎಂದಳು. "ಆದ್ರೆ ಮಷಿನ್ ಬಿಡಲ್ಲ. ಈಗಲೇ ಹೇಳಿದೀನಿ. ಬಿಡು ಅಂತ ಹೇಳೋದಾದ್ರೆ ನಿಮ್ಮ ಕೋಟು ದೊಡ್ಡ ಅಂಗಡೀಲೇ ಹೊಲಿಸ್ಕೊಳ್ಳಿ."

"ಬಿಡಿ ಅಂತ ನಾನೆಲ್ಲಿ ಅಂದೆ? ಕಾಲಿಲ್ಲದೆ ಓಡೋ ಮಷಿನ್ ಇಲ್ವಾ?"

"ಇದೆ ಸಾರ್," ಎಂದಳು ತಂಗಿ. "ಮೋಟರಿಂದು, ಮೊಣಕಾಲಲ್ಲಿ ಒತ್ತೋದು. ವರ್ಷದಿಂದ ಬಡ್ಕೋತಿದೀನಿ. ಅದನ್ನ ತಂದ್ರೆ ಯಾಕೆ ಅಂತ ಬೀದಿ ಕೇಳುತ್ತಂತೆ."

ಭಾನುವಾರದ ಭಾಷಣ ಏನಾಯಿತೋ ಟೇಪಕ್ಕ ಕೇಳಲಿಲ್ಲ. ಕೋಟು ಮಾತ್ರ ಚೆನ್ನಾಗಿ ಕೂತಿತ್ತು. ಗಾಯ ತೋರಿಸಲು ಸೋಮವಾರ ಅವಳು ಆಸ್ಪತ್ರೆಗೆ ಹೋದಾಗ ಬೆಂಚು ಅಲ್ಲೇ ಇತ್ತು, ಮೇಲೆ ಮೂವರು ಕೂತಿದ್ದರು. ಡಾಕ್ಟರು ಅವಳನ್ನು ಕಂಡು, "ನೀವೆಲ್ಲ ಸ್ವಲ್ಪ ಆಚೆ ಕೂತ್ಕೊಳ್ಳಿ" ಎಂದು ಅವರನ್ನು ಎಬ್ಬಿಸಲು ಹೋದರು.

"ಇರಲಿ ಬಿಡಿ ಸಾರ್," ಎಂದಳು ಟೇಪಕ್ಕ, ಕುರ್ಚಿ ಎಳೆದುಕೊಳ್ಳುತ್ತಾ. "ಇವತ್ತು ಕೇಳಿಸ್ಕೊಳ್ಳಲಿ."

ಡಾಕ್ಟರು ಕೆಮ್ಮಿದರು. "ದಿನಾ ನಡೀತೀರಾ?"

"ಇಲ್ಲ."

"ಸಿಹಿ?"

"ತಿಂತೀನಿ. ಬೈಯೋದಿದ್ರೆ ಬೈದುಬಿಡಿ, ನಾನು ಎದ್ದು ಹೋಗಲ್ಲ."

ತಂಗಿ ಈ ಸಲ ಗೋಡೆಯ ಚಿತ್ರ ನೋಡಲಿಲ್ಲ. ಬೈಗುಳ ಡಾಕ್ಟರ ಗಂಟಲಿನ ತನಕ ಬಂದು, ಅಲ್ಲೇ ಸ್ವಲ್ಪ ಹೊತ್ತು ನಿಂತು, ಹಿಂದಕ್ಕೆ ಹೋದದ್ದು ಅವಳಿಗೆ ಕಾಣಿಸಿತು.

"ಮಾತ್ರೆ?"

"ಮಧ್ಯಾಹ್ನದ್ದು ಗುಂಡಿ ಡಬ್ಬೀಲಿದೆ. ಹೊಟ್ಟೆ ತೊಳಸುತ್ತೆ ಸಾರ್. ಆರು ವರ್ಷದ ಹಿಂದೇನೇ ಹೇಳಿದ್ದೆ."

ಡಾಕ್ಟರು ಚೀಟಿಯಲ್ಲಿ ಒಂದು ಸಾಲು ಹೊಡೆದುಹಾಕಿ ಅದರ ಕೆಳಗೆ ಇನ್ನೊಂದು ಬರೆದರು. "ಇದು ಬೇರೆ ಮಾತ್ರೆ. ಹೊಟ್ಟೆಗೆ ಏನೂ ಮಾಡಲ್ಲ."

ಟೇಪಕ್ಕ ಚೀಟಿ ತೆಗೆದುಕೊಳ್ಳಲಿಲ್ಲ. "ಈ ಮಾತ್ರೆ ಆಗಲೂ ಇತ್ತಾ ಸಾರ್? ಆರು ವರ್ಷದ ಹಿಂದೆ?"

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. "ಇತ್ತು," ಎಂದರು.

ಬೆಂಚಿನ ಮೇಲಿದ್ದ ಮೂವರೂ ಅದನ್ನು ಕೇಳಿಸಿಕೊಂಡರು.