ಅಪ್ಪ ಸಾವಕಾಶ ಉಂಡ ರೊಟ್ಟಿ

ತಮ್ಮಂದಿರಾ, ತಂಗಿಯರಾ, ಇವತ್ತು ಬೆಳಿಗ್ಗೆ ಮೊಮ್ಮಗಳು ಬಸ್ಸು ತಪ್ಪೀತೆಂದು ನಿಂತುಕೊಂಡೇ ರೊಟ್ಟಿ ನುಂಗುತ್ತಿದ್ದಳು. ನನಗೆ ಅಪ್ಪ ನೆನಪಾದ.

ಹುಬ್ಬಳ್ಳಿಯ ಬಟ್ಟೆ ಗಿರಣಿಯಿಂದ ಅಪ್ಪ ಮಧ್ಯಾಹ್ನದ ಊಟಕ್ಕೆ ಓಡಿ ಬರುತ್ತಿದ್ದ. ಮತ್ತೆ ಗಿರಣಿಯ ಸೈರನ್ನು, ಆ ಭೋಂಗಾ, ಕೂಗುವುದರೊಳಗೆ ಗೇಟಿನಲ್ಲಿರಬೇಕು. ಎರಡು ರೊಟ್ಟಿ, ಕಡಲೆಹಿಟ್ಟಿನ ಝುಣಕ, ಅಗಿಯದೇ ನುಂಗಿ ನೀರು ಕುಡಿಯುತ್ತಿದ್ದ. ನಾನು ಬಾಗಿಲ ಹಿಂದೆ ನಿಂತು "ಭೋಂ..." ಎಂದು ಕೂಗಿದರೆ ಗಡಬಡಿಸಿ ಏಳುತ್ತಿದ್ದ.

"ಕಳ್ಳಿ, ನನ್ನ ತುತ್ತು ಕಸಗೋತಿಯಲ್ಲಾ!" ಎಂದು ನಗುತ್ತಿದ್ದ. ನಾನೂ ನಗುತ್ತಿದ್ದೆ.

ಅಪ್ಪನ ಹೊಟ್ಟೆಯಲ್ಲಿ ಹುಣ್ಣು ಬೆಳೆದದ್ದು ಯಾರಿಗೂ ತಿಳಿಯಲಿಲ್ಲ. "ತುತ್ತು ಹಿಟ್ಟಾಗೂತನಕಾ ಅಗೀರಿ," ಎಂದು ಡಾಕ್ಟರು ಹೇಳುವಷ್ಟರಲ್ಲಿ ಹೊತ್ತು ಮೀರಿತ್ತು. ಗಿರಣಿ ಬಿಟ್ಟು ಮನೆ ಹಿಡಿದ ಅಪ್ಪ ರೊಟ್ಟಿಯ ಚೂರನ್ನು ಹಾಲಲ್ಲಿ ನೆನೆಸಿ, ಕಣ್ಣು ಮುಚ್ಚಿ ಅಗಿಯುತ್ತಿದ್ದ.

"ಅವ್ವಿ, ಜ್ವಾಳ ಇಷ್ಟ ಸಿಹಿ ಇರತೈತಿ ಅಂತ ನನಗ ಗೊತ್ತ ಇರಲಿಲ್ಲ ನೋಡು," ಎಂದು ಒಂದು ದಿನ ನನಗೆ ಹೇಳಿದ.

ಅಷ್ಟರಲ್ಲಿ ಖರೇ ಭೋಂಗಾ ಕೂಗಿತು. ಅಪ್ಪನ ಕೈ ರೂಢಿಯಂತೆ ಅವಸರದಿಂದ ರೊಟ್ಟಿ ಮುರಿಯಿತು, ಆಮೇಲೆ ಸುಮ್ಮನಾಯಿತು. ಆ ಸಿಹಿ ಅವನಿಗೆ ದಕ್ಕಿದ್ದು ಎಂಟೇ ದಿನ.

ಇವತ್ತು ಮೊಮ್ಮಗಳ ಕೈ ಹಿಡಿದು ಕೂಡಿಸಿದೆ.

"ಆಯೀ, ಬಸ್ಸು ಹೋಗತೈತಿ!"

"ಹೋಗಲಿ ಬಿಡು. ಸಿಹಿ ಹತ್ತೂತನಕಾ ಅಗಿ."