ಹೊತ್ತು ಮುಳುಗುವ ಮುನ್ನ ತಂದೂರಿ ರೊಟ್ಟಿ

ನಮ್ಮತ್ತೆ ಹೊತ್ತು ಮುಳುಗಿದ ಮೇಲೆ ನೀರನ್ನೂ ಮುಟ್ಟುವವರಲ್ಲ. ಜೈನರ ಮನೆಗಳಲ್ಲಿ ಇದೇನು ಹೊಸದಲ್ಲ, ನನ್ನ ತವರಿನಲ್ಲಿ ಅಜ್ಜಿಯೂ ಹಾಗೇ ಇದ್ದಳು. ಆದರೆ ನಾನು ನಿಪ್ಪಾಣಿಯ ಶಾಲೆಯಲ್ಲಿ ಪಾಠ ಹೇಳಿ ಮುಗಿಸಿ, ಬಸ್ಸು ಹಿಡಿದು, ಚಿಕ್ಕೋಡಿಯ ಮನೆ ಮುಟ್ಟುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗಿರುತ್ತಿತ್ತು. ಅವರ ತಾಟು ಆಗಲೇ ತೊಳೆದು ಗೋಡೆಗೆ ಆನಿಸಿರುತ್ತಿತ್ತು. ಬೆಳಿಗ್ಗೆ ಅವರು ಬಸದಿಯಿಂದ ಬರುವ ಮುಂಚೆ ನಾನು ಬಸ್ ಸ್ಟ್ಯಾಂಡಿನಲ್ಲಿ. ರವಿವಾರವಾದರೂ ಒಟ್ಟಿಗೆ ಕೂರೋಣವೆಂದರೆ, ಎಲ್ಲರಿಗೂ ಬಡಿಸಿ ಕೊನೆಗೆ ಒಬ್ಬರೇ ಉಣ್ಣುವುದು ಅವರ ರೂಢಿ. ಮದುವೆಯಾಗಿ ಬಂದಾಗಿನಿಂದ ನಾವಿಬ್ಬರೂ ಜೊತೆಗೆ ಕೂತು ಉಂಡದ್ದೇ ಇಲ್ಲ. ತಾಯಿಯಿಲ್ಲದೆ ಬೆಳೆದ ನನಗೆ ಅದೊಂದು ಆಸೆ ಒಳಗೊಳಗೇ ಇತ್ತು.

ಬಸುರಿಯಾದಾಗ ನನಗೆ ಹುಣಸೆಕಾಯಿ, ಮಾವಿನಕಾಯಿ ಯಾವುದೂ ಬೇಡವಾಯಿತು. ಬೇಕಾದದ್ದು ಸುಟ್ಟ ವಾಸನೆಯ ತಂದೂರಿ ರೊಟ್ಟಿ. ನಿಪ್ಪಾಣಿ ರಸ್ತೆಯಲ್ಲಿ ಮಾಳಿಗೆ ಮೇಲೆ ಹೊಸದೊಂದು ಪಂಜಾಬಿ ಹೊಟೇಲು ಆಗಿತ್ತು. ಮೇಲೆ ಚಾವಣಿಯಿಲ್ಲ, ಗಾಳಿಗೆ ಅಲ್ಲಾಡುವ ಬಣ್ಣದ ದೀಪಗಳು. ಬಸ್ಸಿನಿಂದ ದಿನಾ ನೋಡಿ ಬಾಯಲ್ಲಿ ನೀರೂರಿಸಿಕೊಳ್ಳುತ್ತಿದ್ದೆ.

"ನೀವಿಬ್ರೂ ಹೋಗಿ ಬರ್ರಿ. ನನ್ನ ನೇಮ ಗೊತ್ತೈತಿಲ್ಲ?" ಅಂದರು ಅತ್ತೆ.

ನನಗೋ ಮೂಗಿನ ತುದಿಯಲ್ಲೇ ಸಿಟ್ಟು. "ನೀವು ಬಂದು ನನ್ನ ಬಾಜೂಕ ಕುಂತು ಉಣ್ಣಲಿಲ್ಲಂದ್ರ ನನಗ ಆ ರೊಟ್ಟಿನೂ ಬ್ಯಾಡ, ಬಯಕಿನೂ ಬ್ಯಾಡ" ಅಂದೆ.

"ಇದೇನ ಹಟಾ ಯವ್ವಾ ನಿಂದು!" ಎಂದು ನಕ್ಕರು. ಆದರೆ ಬಸುರಿಯ ಬಯಕೆ ಮುರಿಯಬಾರದೆಂಬುದೂ ಅವರಿಗೆ ನೇಮವೇ. ಒಪ್ಪಿದರು.

ಹೊಟೇಲು ಶುರುವಾಗುವುದೇ ಸಂಜೆ ಏಳಕ್ಕೆ. ನನ್ನ ಗಂಡ ಮಾಲೀಕರಿಗೆ ಫೋನ್ ಮಾಡಿ, ರವಿವಾರ ಜೈನ್ ಊಟ ಬೇಕು, ಉಳ್ಳಾಗಡ್ಡಿ, ಬಳ್ಳೊಳ್ಳಿ, ಬಟಾಟೆ ಯಾವುದೂ ನಡೆಯದು, ತಂದೂರಿಗೆ ಬೇಗ ಬೆಂಕಿ ಹಾಕಿ ಎಂದು ಹೇಳಿದರು. ಹೊತ್ತು ಮುಳುಗುವ ಮುಂಚೆಯೇ ಊಟ ಆಗಬೇಕೆಂಬುದನ್ನೂ ಹೇಳಿದ್ದೆ ಎಂದೇ ಅವರು ಇವತ್ತಿಗೂ ವಾದಿಸುತ್ತಾರೆ.

ಇಳಿಬಿಸಿಲಿನಲ್ಲೇ ಹೋದೆವು. ಮೆಟ್ಟಿಲು ಹತ್ತುವಾಗ ಮೊಣಕಾಲು ನೋವಿನ ಅವರು ನನ್ನ ಹಿಡಿದಿದ್ದರೋ, ಹೊಟ್ಟೆ ಹೊತ್ತ ನಾನು ಅವರನ್ನು ಹಿಡಿದಿದ್ದೆನೋ. ಮೇಲೆ ನಮ್ಮನ್ನು ಬಿಟ್ಟರೆ ಯಾರೂ ಇಲ್ಲ. ಸುತ್ತ ಕಬ್ಬಿನ ಹಸಿರು, ಎದುರಿಗೇ ಸೂರ್ಯ. ಅತ್ತೆ ಖುರ್ಚಿಯನ್ನು ಪಡುವಣಕ್ಕೆ ತಿರುಗಿಸಿ ಕೂತರು. ನಾನು ಅವರ ಬಾಜೂಕ್ಕೇ ಕೂತೆ. ಗೋಡೆ ಗಡಿಯಾರ ನೋಡಿದ ಹಾಗೆ ಇಬ್ಬರೂ ಸೂರ್ಯನನ್ನೇ ನೋಡುತ್ತಿದ್ದೆವು.

ಊಟ ಬರಲೇ ಇಲ್ಲ. ಗಂಡ ಎರಡು ಸಲ ಒಳಗೆ ಹೋಗಿ ಬಂದರು. ಸೂರ್ಯ ಕೆಂಪಾಗಿ ಕಬ್ಬಿನ ತುದಿಯ ಸೂಲಂಗಿ ಹೂವಿಗೆ ತಾಗಿದ. ಆಗ ಮಾಲೀಕರು ತಾವೇ ಬಿಸಿ ರೊಟ್ಟಿ, ಪನೀರ್ ಹಿಡಿದು ಬಂದರು.

"ಅವ್ವಾರು ಜೈನ್ ಊಟ ಮಾಡವ್ರಂತ ಭಾಂಡೆ ಎಲ್ಲಾ ಹೊಸದಾಗಿ ತಿಕ್ಕಿಸೇನ್ರಿ. ಮಸಾಲಿನೂ ಬ್ಯಾರೇನ ಅರಿಸೇನಿ. ಅದಕ ಸ್ವಲ್ಪ ತಡಾ ಆತ್ರಿ" ಅಂದರು. ಮುಖದಲ್ಲಿ ಎಷ್ಟು ಸಂತೋಷವಿತ್ತೆಂದರೆ ಬಯ್ಯಲೂ ಬಾಯಿ ಬರಲಿಲ್ಲ.

ಇನ್ನೂ ಉಗುರಿನಷ್ಟು ಸೂರ್ಯ ಉಳಿದಿದ್ದ. "ಅತ್ತಿ, ಮೊದಲ ನೀವು ತಗೋರಿ, ಲಗೂನ!" ಅಂದೆ. ಅವರು ರೊಟ್ಟಿ ಮುರಿದರು, ಪನೀರ್ ಹಚ್ಚಿದರು, ಊದಿ ಆರಿಸಿದರು. ತುತ್ತನ್ನು ನನ್ನ ಬಾಯಿಗಿಟ್ಟರು. ಬಯಕೆಯ ಮೊದಲ ತುತ್ತು ಹಿರಿಯರ ಕೈಯಿಂದಲೇ ಆಗಬೇಕಂತೆ. ನಾನು ಅಗಿದು ನುಂಗುವಷ್ಟರಲ್ಲಿ ಸೂರ್ಯ ಇರಲಿಲ್ಲ. ಅವರು ಕೈ ತೊಳೆದುಕೊಂಡರು.

ನನಗೆ ಅಳು ಬಂತು. "ಇಷ್ಟೆಲ್ಲಾ ಮಾಡಿದ್ದು ಯಾರ ಸಲುವಾಗಿ? ನೀವರೆ ಮನ್ಯಾಗ ಉಂಡ ಬಂದೀರಿ, ನಿಮಗೇನ!" ಎಂದು ರೇಗಿದೆ.

ಗಂಡ ಮೆಲ್ಲಗೆ ಅಂದರು, "ಉಂಡಿಲ್ಲ. ನಿನ್ನ ಜೋಡಿ ಉಣ್ಣತೇನಂತ ಮುಂಜಾನಿಂದ ಹಂಗ ಅದಾಳ."

ನನಗೂ ಬೇಡವೆಂದರೆ ಅತ್ತೆ ಬಿಡಲಿಲ್ಲ, ತಿಂದೆ. ಅಷ್ಟು ಬಯಸಿದ್ದ ರೊಟ್ಟಿಯ ರುಚಿ ಹೇಗಿತ್ತೆಂದು ಈಗ ಕೇಳಿದರೆ ಹೇಳಲಾರೆ. ಪಾರ್ಸಲ್ ಕಟ್ಟಿಸಿಯೂ ಉಪಯೋಗವಿಲ್ಲ, ರಾತ್ರಿ ಕಳೆದ ಅಡಿಗೆಯನ್ನು ಅವರು ಉಣ್ಣುವುದಿಲ್ಲ. ಮನೆಗೆ ಬಂದು ಒಣ ಬಾಯಲ್ಲೇ ಜಪ ಮಾಡಿ ಮಲಗಿದರು.

ಮರುದಿನ ನಾನು ಶಾಲೆಗೆ ರಜೆ ಹಾಕಿದೆ. ಸುಟ್ಟ ವಾಸನೆಗೆ ಎಚ್ಚರವಾಯಿತು. ಅಡುಗೆಮನೆಯಲ್ಲಿ ಯಾರೂ ಇಲ್ಲ. ಮಾಳಿಗೆ ಹತ್ತಿ ನೋಡಿದರೆ, ಬಸದಿಗೆ ಹೋಗಿ ಬಂದ ಮಡಿಸೀರೆಯಲ್ಲೇ ಅತ್ತೆ ಒಲೆಯ ಮುಂದೆ ಕೂತು ಗೋಧಿ ರೊಟ್ಟಿಯನ್ನು ಕೆಂಡದ ಮೇಲೆ ಸುಡುತ್ತಿದ್ದರು. ಪಕ್ಕದಲ್ಲಿ ಒಂದೇ ತಾಟು. ಸೂರ್ಯ ಆಗಲೇ ಮೇಲೆ ಬಂದಿದ್ದ.

ಅವರು ಸರಿದು ಚಾಪೆಯ ಮೇಲೆ ಜಾಗ ಮಾಡಿದರು. ನಾನು ಗಡಬಡಿಸಿ ರೊಟ್ಟಿ ಮುರಿದು, ಉರಿಯುವ ಬೆರಳಿನಿಂದಲೇ ಮೊದಲ ತುತ್ತು ಅವರ ಬಾಯಿಗೆ ಹಿಡಿದೆ.

"ಸಾವಕಾಶ ಯವ್ವಾ, ಕೈ ಸುಟ್ಟೀತು" ಅಂದರು ಅತ್ತೆ. "ಹೊತ್ತು ಮುಳಗಾಕ ಇನ್ನೂ ಇಡೀ ದಿನಾ ಐತಿ."